ಅಣ್ಣನ ರಜೆಗೆ ಅಮ್ಮನ ಬಿಳಿ ಅಂಗಿ

ನಮ್ಮಮ್ಮ ಹಾಂಗ್‌ಕಾಂಗಿನ ಗುಡ್ಡದ ಮೇಲೆ ಇಂಗ್ಲಿಷ್ ದೊರೆಗಳ ಮನೆಯಲ್ಲಿ ಆಯಾ ಆಗಿದ್ದುಕೊಂಡು ನಮ್ಮಿಬ್ಬರನ್ನೂ ಸಾಕಿದಳು. ಬಿಳಿ ಅಂಗಿ, ಕರಿ ಷರಾಯಿ, ಬೆನ್ನ ಮೇಲೆ ಒಂಟಿ ಜಡೆ, ಅದೇ ಅಲ್ಲಿನ ಆಯಾಗಳ ವೇಷ. ಅಣ್ಣ ಬಿಂಗ್-ಯಾನ್ ಸರ್ಕಾರಿ ಕೆಲಸಕ್ಕೆ ಸೇರಿದ್ದೇ ತಡ, ಆ ಅಂಗಿಯನ್ನು ಬಿಡಿಸಿದ. ಅಧಿಕಾರಿಯ ತಾಯಿ ಕಂಡವರ ಕೂಸಿನ ಬಟ್ಟೆ ಒಗೆಯುವುದು ಚೆನ್ನಾಗಿರುವುದಿಲ್ಲವಂತೆ. ಅಮ್ಮ ಅದನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಒಳ್ಳೆಯ ಬಟ್ಟೆ ಎಸೆಯುವ ಪೈಕಿಯಲ್ಲ ಅವಳು.

ದೊರೆಗಳಿಗೆ ಕೆಲವು ವರ್ಷಕ್ಕೊಮ್ಮೆ ದೀರ್ಘ ರಜೆ, ಊರಿಗೆ ಹೋಗಿಬರಲು ಸರ್ಕಾರದ ಖರ್ಚಿನಲ್ಲೇ ಹಡಗಿನ ಟಿಕೆಟ್ಟು. ಬಡ್ತಿ ಸಿಕ್ಕಮೇಲೆ ಅಣ್ಣನಿಗೂ ಆ ಹಕ್ಕು ಬಂತು. ಊರೆಂದರೆ ಇಂಗ್ಲೆಂಡು, ನಮ್ಮೂರು ಯಾವುದೆಂದು ಯಾರೂ ಕೇಳಲಿಲ್ಲ. ಹೆಂಡತಿಗೆ ಟಿಕೆಟ್ಟು ಉಂಟು, ಮಕ್ಕಳಿಗೆ ಉಂಟು, ಎಳೆಗೂಸಿದ್ದರೆ ಆಯಾಗೂ ಉಂಟು. ತಾಯಿಗಿಲ್ಲ. ದೊರೆಗಳು ತಾಯಿಯನ್ನು ನೋಡಲು ಹೋಗುವವರು, ಕರೆದುಕೊಂಡು ಹೋಗುವವರಲ್ಲ.

ನಾನಾಗ ಮದುವೆಯಾಗಿ ಲಿವರ್‌ಪೂಲಿನಲ್ಲಿದ್ದೆ. ಕಣ್ಣು ಮುಚ್ಚುವುದರೊಳಗೆ ಮಗಳನ್ನೊಮ್ಮೆ ನೋಡಬೇಕೆಂದು ಅಮ್ಮನ ಹಟ. ಅಣ್ಣ ಅವಳನ್ನು ತನ್ನ ಕೂಸಿನ ಆಯಾ ಎಂದು ಬರೆಸಿದ. ಆ ಬಿಳಿ ಅಂಗಿಯನ್ನು ತಾನೇ ಪೆಟ್ಟಿಗೆಯಿಂದ ತೆಗೆದುಕೊಟ್ಟ.

ಹಡಗಿನಲ್ಲಿ ನಡೆದದ್ದನ್ನು ಹೇಳಿದವಳು ಅತ್ತಿಗೆ. ಅಣ್ಣನ ಮೇಲಧಿಕಾರಿ ಪೆಂಬರ್ಟನ್ ಮತ್ತು ಅವನ ಹೆಂಡತಿಯೂ ಅದೇ ಹಡಗಿನಲ್ಲಿದ್ದರು. ಅಣ್ಣ ಅವರ ಮೇಜಿನಲ್ಲಿ ಕೂತು ಉಣ್ಣುತ್ತಿದ್ದ. ಅಮ್ಮನಿಗೆ ಊಟ ಕೆಳಗೆ, ಆಳುಗಳ ಜೊತೆ. "ನಿಮ್ಮ ಆಯಾ ಬಹಳ ಚೊಕ್ಕ. ನಮಗೆ ಬಿಟ್ಟುಕೊಡ್ತೀರಾ?" ಎಂದು ದೊರೆಸಾನಿ ಕೇಳಿದಾಗ ಅಣ್ಣ ನಕ್ಕನಂತೆ. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹಡಗುಕಟ್ಟೆಯಲ್ಲಿ ಅಮ್ಮ ಕೂಸನ್ನೆತ್ತಿಕೊಂಡು ಎಲ್ಲರ ಹಿಂದೆ ಇಳಿದಳು. ನಾನು "ಅಮ್ಮಾ" ಎಂದು ಓಡಿದೆ. ಅವಳು ಮುಂದೆ ಹೋಗುತ್ತಿದ್ದ ದೊರೆಸಾನಿಯ ಬೆನ್ನು ನೋಡಿ ದನಿ ತಗ್ಗಿಸಿದಳು.

"ಬಾಯ್ಮುಚ್ಚೇ. ಇಲ್ಲಿ ನಾನು ನಿಮ್ಮಣ್ಣನ ಆಳು."

ಅಣ್ಣನಿಗೆ ಕೇಳಿಸಿತು. ಪೆಟ್ಟಿಗೆಗಳನ್ನು ಎಣಿಸುವವನಂತೆ ಬಗ್ಗಿಯೇ ಇದ್ದ, ಕಿವಿ ಮಾತ್ರ ಕೆಂಪಗಾಗಿತ್ತು.

ಮನೆಗೆ ಬಂದು ಹಬೆಯಲ್ಲಿ ಬೇಯಿಸಿದ ಮೀನು, ಅನ್ನ ಇಟ್ಟೆ. ಹಿರಿಯರು ಶುರುಮಾಡದೆ ನಮ್ಮಲ್ಲಿ ಯಾರೂ ಬಟ್ಟಲು ಮುಟ್ಟುವುದಿಲ್ಲ. ಕಾದೆವು. ಅಮ್ಮ ಅಣ್ಣನ ಕುರ್ಚಿಯ ಹಿಂದೆ ಕೂಸನ್ನು ತಟ್ಟುತ್ತ ನಿಂತೇ ಇದ್ದಳು.

"ಕೂತ್ಕೊಳಮ್ಮ," ಅಂದೆ.

"ಅಯ್ಯೋ, ಹಡಗಿನ ರೂಢಿ," ಎಂದು ನಕ್ಕು ಕೂತಳು. ಬೇರೆ ಯಾರೂ ನಗಲಿಲ್ಲ.

ಅಣ್ಣ ತಲೆ ಎತ್ತಲಿಲ್ಲ. "ವಾಪಸ್ ಹೋಗೋವಾಗ ಹೇಳಿಬಿಡ್ತೀನಮ್ಮ, ನೀನು ಯಾರು ಅಂತ."

"ಹೇಳಿ ಕೆಲಸ ಕಳ್ಕೋತೀಯಾ? ಆ ಅಂಗಿ ನಂಗೇನು ಹೊಸದಾ? ಅದನ್ನ ಹಾಕ್ಕೊಂಡೇ ಅಲ್ವಾ ನಿನ್ನ ಓದಿಸಿದ್ದು." ಅಮ್ಮ ಮೀನಿನ ಮೆತ್ತನೆಯ ತುಂಡು ಆರಿಸಿ ಅವನ ಬಟ್ಟಲಿಗೆ ಹಾಕಿದಳು. "ಡೆಕ್ಕಿನ ಮೇಲೆ ನಾನು ಎದುರಾದಾಗೆಲ್ಲ ಸಮುದ್ರದ ಕಡೆ ತಿರುಗ್ತಿದ್ದೆಯಲ್ಲ ಮಗಾ, ಅದೊಂದು ಮಾಡ್ಬೇಡ. ಗುಡ್ಡದ ಮೇಲಿನ ದೊರೆಗಳು ಕೂಡ ನನ್ನ ಮುಖ ನೋಡೇ ಮಾತಾಡ್ತಿದ್ರು."