ಕಾಲು ಮೇಲಿಟ್ಟು ಕುಳಿತ ಗಾದೆಮ್ಮ

ಹೂವಿನಹಡಗಲಿಯ ಬಸ್ ನಿಲ್ದಾಣದ ಮುಂದೆ ಮಲ್ಲಿಗೆ ಮಾರುತ್ತಿದ್ದ ಗಾದೆಮ್ಮನ ಎಡಗಾಲ ಪಾದದ ಗಂಟಿನ ಹತ್ತಿರ ಹಳೆಯದೊಂದು ಹುಣ್ಣಿತ್ತು. ಅಂಗೈಯಷ್ಟು ಅಗಲ. ಅರಿಶಿನ ಹಚ್ಚಿದಳು, ಬೇವಿನ ಸೊಪ್ಪು ಅರೆದು ಕಟ್ಟಿದಳು. ಅಂಚು ಒಣಗುವುದು, ಮತ್ತೆ ಬಿರಿಯುವುದು. ಯಾರದೋ ಶಾಪ ಅಂದರು ಜನ.

ದೇವರಿಗೆ ಹೋಗುವ ಹೂವು, ಅದರ ಮುಂದೆ ಪಾದ ತೋರಿಸಿ ಕೂರಬಾರದು ಅಂತ ತಾಯಿ ಕಲಿಸಿದ್ದಳು. ಅದಕ್ಕೇ ಹುಣ್ಣಿನ ಕಾಲನ್ನು ತೊಡೆಯ ಕೆಳಗೆ ಮಡಚಿ, ಸೀರೆ ಮುಚ್ಚಿ, ಹೊತ್ತು ಮುಳುಗುವ ತನಕ ಮಾಲೆ ಕಟ್ಟುತ್ತಿದ್ದಳು. ಏಳುವಾಗ ಕಾಲು ಊದಿ ಕಂಬವಾಗಿರುತ್ತಿತ್ತು.

೨೦೦೩ರಲ್ಲಿ ಜ್ವರ, ಎಲುಬು ಮುರಿಯುವಂಥ ನೋವು ಬಂದು ಜಿಲ್ಲೆಯ ದೊಡ್ಡಾಸ್ಪತ್ರೆ ಸೇರಿದಳು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು.

"ನಿನ್ನ ರಕ್ತದ ಕಣ ದುಂಡಗಿಲ್ಲವ್ವ, ಕುಡಗೋಲಿನಂಗ ಬಾಗ್ಯಾವ. ಹುಟ್ಟಿನಿಂದ ಬಂದದ್ದು. ಸಣ್ಣ ನರದಾಗ ಸಿಕ್ಕೊಂತಾವ. ಕಾಲಿಗೆ ರಕ್ತ ಸರಿಯಾಗಿ ಮುಟ್ಟವಲ್ದು, ಹುಣ್ಣು ಮಾಯವಲ್ದು."

"ಯಾರ ಶಾಪನೂ ಅಲ್ಲೇನ್ರಿ?"

"ಶಾಪ ಎಲ್ಲಿದು! ಕಾಲು ಮಡಚಿ ಕುಂದ್ರೋದು ಬಿಡು. ತೊಳದು ಪಟ್ಟಿ ಕಟ್ಟು, ಎತ್ತರಕ್ಕಿಡು."

ಊರಿಗೆ ಬಂದ ಗಾದೆಮ್ಮ ಕೆಲವು ದಿನ ಮನೆ ಬಿಡಲಿಲ್ಲ. ಕಾಲು ಮೇಲಿಟ್ಟರೆ ಗಿರಾಕಿ ಹೋಗುತ್ತಾರೆ. ಮಡಚಿದರೆ ಕಾಲೇ ಹೋಗುತ್ತದೆ. ಕಡೆಗೊಂದು ಬೆಳಗ್ಗೆ ನಿಲ್ದಾಣದ ಮುಂದೆ ಹೂವಿನ ಬುಟ್ಟಿಯ ಪಕ್ಕ ಖಾಲಿ ಬುಟ್ಟಿಯೊಂದನ್ನು ಬೋರಲು ಹಾಕಿ, ಪಟ್ಟಿ ಕಟ್ಟಿದ ಕಾಲನ್ನು ಅದರ ಮೇಲಿಟ್ಟು ಕುಳಿತಳು.

ಪಕ್ಕದಲ್ಲಿ ಹೂ ಮಾರುವ ಗುರುಬಸಮ್ಮ ನಕ್ಕಳು. "ಏನ ಗಾದಿ, ಮಹಾರಾಣಿ ಆಗೀಯಲ್ಲ! ಗಾಳಿ ಬೀಸಾಕ ಯಾರನ್ನಾರ ಕರೀಲೇನು?"

"ಕರಿಯವ್ವ, ಸೆಕಿ ಬಾಳ ಐತಿ."

ದಿನದ ಮೊದಲ ಮಾಲೆಯನ್ನು ಗಾದೆಮ್ಮನಿಂದಲೇ ಒಯ್ಯುವ ಪೂಜಾರಿ ಶಿವಯೋಗಪ್ಪ ಮಾತ್ರ ನಗಲಿಲ್ಲ. "ದೇವರ ಹೂವಿನ ಮುಂದ ಕಾಲೇನವ್ವ? ನಾಚಿಕಿ ಇಲ್ಲ?"

ಗಾದೆಮ್ಮ ಪಟ್ಟಿಯ ಗಂಟು ಸರಿಮಾಡಿಕೊಂಡಳು. ಕಾಲು ಇಳಿಯಲಿಲ್ಲ. "ಕಾಲೂ ದೇವರ ಕೊಟ್ಟದ್ದಲ್ಲೇನ್ರಿ ಸ್ವಾಮಿ? ಕೊಳಿಸಿ ವಾಪಸ್ ಕೊಡ್ಲೇನು?"

ಶಿವಯೋಗಪ್ಪ ಗುರುಬಸಮ್ಮನ ಹತ್ತಿರ ಮಾಲೆ ಕೊಂಡು ಹೋದ. ಅವನನ್ನು ನೋಡಿ ಇನ್ನಷ್ಟು ಜನ ಸರಿದರು. ಎಷ್ಟೋ ಸಂಜೆ ಬಾಡಿದ ಹೂವು ಬುಟ್ಟಿಯಲ್ಲೇ ಮನೆಗೆ ಹೋಯಿತು. ಗಾದೆಮ್ಮ ಕುದಿಸಿ ಆರಿಸಿದ ನೀರಲ್ಲಿ ಹುಣ್ಣು ತೊಳೆದಳು, ಪಟ್ಟಿ ಬದಲಿಸಿದಳು, ಬೆಳಗ್ಗೆ ಬಂದು ಮತ್ತೆ ಹಾಗೇ ಕುಳಿತಳು. ಮಳೆಗಾಲದ ಹೊತ್ತಿಗೆ ಅಂಚಿನಿಂದ ಗುಲಾಬಿ ಬಣ್ಣದ ಚರ್ಮ ಒಳಕ್ಕೆ ತೆವಳಿತು. ಯುಗಾದಿಗೆ ಹುಣ್ಣು ಮುಚ್ಚಿತು.

ಅಂದು ಪಟ್ಟಿ ಬಿಚ್ಚಿ ಗುರುಬಸಮ್ಮನಿಗೆ ತೋರಿಸಿದಳು. "ಅಯ್ಯ ನನ್ನವ್ವ, ಮಾಯ್ತಲ್ಲೇ!" ಆಕೆಯ ಕೂಗಿಗೆ ಬಸ್ ಹತ್ತುವವರೂ ತಿರುಗಿದರು. ಹೂವಿಗೆ ಬಂದಿದ್ದ ಶಿವಯೋಗಪ್ಪ ಬಗ್ಗಿ ನೋಡಿದ.

"ಹಂಗಾರ ಇನ್ನ ಕಾಲಿಳಿಸು."

"ಇಳಿಸಿದ್ರ ಮತ್ತ ಬರ್ತೈತಂತ್ರಿ. ಇದು ಹಿಂಗ ಇರೋದು."

ಶಿವಯೋಗಪ್ಪ ಗುರುಬಸಮ್ಮನ ಕಡೆ ತಿರುಗಿದ. ಆಕೆ ತುಂಬಿದ ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಎಳೆದಳು. "ನನ್ನವು ಮುಗದಾವ್ರಿ ಸ್ವಾಮಿ. ಆಕಿ ಕಡಿಂದ ತಗೊಳ್ರಿ."

ಅವನು ಗಾದೆಮ್ಮನತ್ತ ಹರಿವಾಣ ಚಾಚಿದ. ಆಕೆ ಕಾಲು ಇಳಿಸದೆ, ಕುಳಿತಲ್ಲಿಂದಲೇ ಮೊಳ ಹಾಕಿದಳು. ಮೊಳದ ಮೇಲೆ ಒಂದು ಗೇಣು ಹೆಚ್ಚೇ ಹಾಕಿದಳು.