ಸಾಲಾಗಿ ಹೊರಟ ಅರುಂಧತಿಯರು

ಮದುವೆಯಾದವರೆಲ್ಲ ಜೀವಮಾನದಲ್ಲಿ ಒಮ್ಮೆಯಾದರೂ ಅರುಂಧತಿ ನಕ್ಷತ್ರ ನೋಡಿದ್ದೇವೆ ಎನ್ನುತ್ತಾರೆ. ನಿಜವಾಗಿ ನೋಡಿದವರನ್ನು ಮಾತ್ರ ನಾನು ಕಂಡಿರಲಿಲ್ಲ. ನನ್ನ ಮದುವೆಯಲ್ಲಿ ಪುರೋಹಿತರು ಅದನ್ನು ಮಟಮಟ ಮಧ್ಯಾಹ್ನ ತೋರಿಸಿದರು. ಅವರ ಬೆರಳಿನ ನೇರಕ್ಕೆ ಇದ್ದದ್ದು ಕಲ್ಯಾಣ ಮಂಟಪದ ಸೀಲಿಂಗ್ ಫ್ಯಾನು. ‘ಕಾಣಿಸ್ತೇನ್ರಿ?’ ಎಂದರು. ‘ಕಾಣಿಸ್ತು’ ಎಂದೆವು, ನಾನೂ ನನ್ನ ಹೆಂಡತಿಯೂ ಒಂದೇ ಉಸಿರಿಗೆ. ನಾವಿಬ್ಬರೂ ತಕರಾರಿಲ್ಲದೆ ಒಪ್ಪಿಕೊಂಡ ಮೊದಲ ಸಂಗತಿ ಅದು. ಎರಡನೆಯದು ಯಾವುದೆಂದು ಇನ್ನೂ ನೆನಪು ಮಾಡಿಕೊಳ್ಳುತ್ತಿದ್ದೇನೆ.

ಹಾಗಾಗಿ ನಮ್ಮ ಒಬ್ಬಳೇ ಮಗಳು ಮೇಧಾಳ ಮದುವೆ ಗೊತ್ತಾದಾಗ, ಹುಡುಗನ ಅಜ್ಜಿ ಹಾಕಿದ ಷರತ್ತು ಕೇಳಿ ನಕ್ಕುಬಿಟ್ಟೆ. ನಾವು ಧಾರವಾಡದವರು, ಮುಂಬಯಿಯ ಭಾಂಡುಪಿನಲ್ಲಿ ಫ್ಲ್ಯಾಟು, ಫೋರ್ಟಿನಲ್ಲಿ ನನ್ನ ಆಫೀಸು. ಬೀಗರು ವಿಜಯಪುರದ ಕಡೆಯವರು, ದಹಿಸರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಬಂಗಾರದ ಮಾತೇ ಎತ್ತದ ಅಂಬಕ್ಕಜ್ಜಿ ಕೇಳಿದ್ದು ಒಂದೇ. ‘ನಕ್ಷತ್ರ ಖರೇನ ತೋರಸಬೇಕು. ಫ್ಯಾನ್ ತೋರಸಿದ್ರ ನಾ ಒಪ್ಪೂದಿಲ್ಲ.’ ಅಜ್ಜಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆಸಿದ್ದರು. ಹೊಸ ಕಣ್ಣಿಗೆ ಏನಾದರೂ ಕೆಲಸ ಬೇಕಿತ್ತು.

ಸರಿ, ಮೇ ತಿಂಗಳು, ಗೋಧೂಳಿ ಮುಹೂರ್ತ, ಟೆರೇಸ್ ಇರುವ ಕಲ್ಯಾಣ ಮಂಟಪ ಎಂದು ಗೊತ್ತುಮಾಡಿದೆವು. ಸಪ್ತಪದಿ ಮುಗಿಸಿ ಎಲ್ಲರೂ ಮೇಲೆ ಹತ್ತಿದೆವು. ಸಣ್ಣದನ್ನು ತೋರಿಸಬೇಕಾದರೆ ಅದರ ಪಕ್ಕದ ದೊಡ್ಡದನ್ನು ಮೊದಲು ತೋರಿಸಬೇಕು ಎಂಬುದಕ್ಕೆ ನಮ್ಮ ಶಾಸ್ತ್ರಕಾರರು ಅರುಂಧತೀ ನ್ಯಾಯವೆಂದೇ ಹೆಸರಿಟ್ಟಿದ್ದಾರೆ. ಪುರೋಹಿತ ಆಚಾರ್ರು ಅದೇ ಪ್ರಕಾರ ಉತ್ತರಕ್ಕೆ ಬೆರಳು ಮಾಡಿ ಸಪ್ತರ್ಷಿಗಳನ್ನು ತೋರಿಸಿದರು, ಆಮೇಲೆ ವಸಿಷ್ಠರನ್ನು. ಮುಂಬಯಿಯ ಆಕಾಶದಲ್ಲಿ ಋಷಿಗಳು ಅಷ್ಟು ಕಂಡದ್ದೇ ಪುಣ್ಯ. ‘ಅವರ ಮಗ್ಗಲಾಗ, ಸಣ್ಣಾಕಿ, ಅಲುಗಾಡದ ಪತಿವ್ರತಾ...’ ಎನ್ನುವಷ್ಟರಲ್ಲಿ ಒಂದು ಚುಕ್ಕೆ ಅಲುಗಾಡಿತು.

ಅಲುಗಾಡಿದ್ದಲ್ಲ, ನಡೆಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಒಂದೇ ಗೆರೆಯಲ್ಲಿ, ಸದ್ದಿಲ್ಲದೆ, ವಸಿಷ್ಠರ ಮುಂದೆಯೇ ಹಾದು ಹೊರಟವು. ಆಚಾರ್ರ ಬೆರಳು ಎತ್ತಿದಲ್ಲೇ ನಿಂತಿತು. ಬಡಿಸುವವರು ತಾಟು ಬಿಟ್ಟು ಮೇಲೆ ಓಡಿಬಂದರು.

‘ಅಯ್ಯಯ್ಯ! ಅರುಂಧತಿ ಹೊಂಟಾಳಲ್ಲೋ! ಗಂಡನ್ನ ಬಿಟ್ಟು ಹೊಂಟಾಳ! ಒಬ್ಬಾಕಿ ಅಲ್ಲ, ದಂಡೇ ಹೊಂಟದ!’ ಎಂದು ಅಜ್ಜಿ ಕೂಗಿ, ಅಲ್ಲೇ ನೆಲಕ್ಕೆ ಕೂತರು.

ಆಮೇಲೆ ಅಲ್ಲಿಂದಲೇ ತೀರ್ಪು ಹೇಳಿದರು. ‘ಇವತ್ತ ಹುಡುಗೀನ್ನ ಮನಿ ತುಂಬಿಸ್ಕೊಳ್ಳೂದು ಬ್ಯಾಡ. ಬೀಗರು ವಾಪಸ್ ಕರಕೊಂಡು ಹೋಗ್ಲಿ.’ ಅಕ್ಷತೆಯ ಅಕ್ಕಿ ಇನ್ನೂ ಮೇಧಾಳ ತಲೆಯ ಮೇಲಿತ್ತು. ಅವಳು ನನ್ನ ಮುಖ ನೋಡಿದಳು. ನಾನು ಆಚಾರ್ರ ಮುಖ ನೋಡಿದೆ. ಅವರು ಮೊಬೈಲಿನಲ್ಲಿ ಪಂಚಾಂಗ ತೆರೆದು, ಇಂಥದಕ್ಕೆ ಯಾವ ಶಾಂತಿಯೂ ಸಿಗದೆ ಸುಮ್ಮನೆ ಬೆವರುತ್ತಿದ್ದರು.

ಮದುಮಗ ಸಮೀರ ಅಜ್ಜಿಯ ಮುಂದೆ ಮಂಡಿಯೂರಿದ. ಹುಟ್ಟಿ ಬೆಳೆದದ್ದೆಲ್ಲ ದಹಿಸರಿನಲ್ಲಿ. ಅವನ ಕನ್ನಡ ಹಿಂದಿ, ಮರಾಠಿಯ ಪ್ರತಿ ಸ್ಟೇಷನ್ನಿನಲ್ಲೂ ನಿಂತು ಹೊರಡುತ್ತದೆ. ‘ಅಜ್ಜೀ, ಡರೋ ಮತ್. ಅವು ತಾರೆ ನಹೀ... ಸ್ಯಾಟಲೈಟ್ ಅದಾವ. ಇಂಟರ್ನೆಟ್ ಸಾಠೀ, ಅದರ ಸಲುವಾಗಿ. ಈಗೀಗ ಮ್ಯಾಲ ಬಿಟ್ಟಾರ, ಅದಕ್ಕೇ ಲೈನಿನಾಗ ಹೋಗ್ತಾವ.’ ಅಜ್ಜಿ ನಂಬಲಿಲ್ಲ. ಅವನು ಮೊಬೈಲ್ ತೆಗೆದು, ಅಂಥ ರಾಕೆಟ್ ಹಾರುವ ವಿಡಿಯೋ ಹಚ್ಚಿದ. ಅಜ್ಜಿಯ ಹೆಗಲ ಮೇಲಿಂದ ನಾವೆಲ್ಲ ಬಗ್ಗಿದೆವು.

ರಾಕೆಟ್ ಎಂದರೆ ನನಗೆ ಗೊತ್ತಿದ್ದದ್ದು ದೀಪಾವಳಿಯದು. ಹಚ್ಚಿದರೆ ಹೋಯಿತು, ವಾಪಸ್ ಬರುವುದು ಪಕ್ಕದ ಬಿಲ್ಡಿಂಗಿನವರು, ಸುಟ್ಟ ಕಡ್ಡಿ ಹಿಡಿದುಕೊಂಡು, ಜಗಳಕ್ಕೆ. ಇದು ಮೇಲೆ ಹೋಯಿತು, ಮೈ ಎರಡು ಭಾಗವಾಯಿತು. ಮೇಲಿನದು ಉಪಗ್ರಹಗಳನ್ನು ಹೊತ್ತು ಮುಂದೆ ನಡೆಯಿತು. ಕೆಳಗಿನದು, ಆ ದೊಡ್ಡ ಕಂಬ, ಬಂದ ದಾರಿ ಹಿಡಿದು ಇಳಿಯತೊಡಗಿತು. ಬೆಂಕಿ ಉಗುಳುತ್ತಾ ಬಂದು, ಕಾಲು ಚಾಚಿ, ಸಮುದ್ರದ ನಡುವೆ ಒಂದು ಹಡಗಿನ ಮೇಲೆ ನೆಟ್ಟಗೆ ನಿಂತುಬಿಟ್ಟಿತು! ನಾನು ದಂಗಾದೆ. ಮನುಷ್ಯರಾದ ನಾವು ದಾದರ್ ಸ್ಟೇಷನ್ನಿನಲ್ಲಿ ಲೋಕಲ್ ಟ್ರೇನಿನಿಂದ ಅಷ್ಟು ನೆಟ್ಟಗೆ ಇಳಿದದ್ದಿಲ್ಲ.

‘ಇದನ್ನ ತೊಳದು, ಚೆಕ್ ಮಾಡಿ, ಫಿರ್ ಸೇ ಹಾರಸ್ತಾರ’ ಎಂದ ಸಮೀರ. ನನ್ನ ಹೆಂಡತಿಗೆ ಆಘಾತವಾದದ್ದು ಬೇರೆಯದೇ ಕಾರಣಕ್ಕೆ. ಹಳೆಯ ಸೀರೆಯನ್ನು ಕೌದಿ ಮಾಡಿ, ಕೌದಿಯನ್ನು ಕಾಲೊರಸು ಮಾಡುವವಳು ಅವಳು. ‘ಹಂಗಾದ್ರ ಇಷ್ಟು ವರ್ಷ ಒಂದೇ ಸಲ ಹಾರಿಸಿ ಒಗೀತಿದ್ರೇನು? ಅಷ್ಟು ದೊಡ್ಡದನ್ನ?’ ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಅಜ್ಜಿ ಮಾತ್ರ ವಿಡಿಯೋದಿಂದ ಕಣ್ಣು ಕೀಳಲಿಲ್ಲ. ‘ಪಾಪ, ಮೈಯೆಲ್ಲ ಮಸಿ ಆಗೇದ’ ಎಂದರು. ಸ್ವಲ್ಪ ತಡೆದು ಕೇಳಿದರು, ‘ಇದೇನೋ ತಿರುಗಿ ಬಂತು. ಮ್ಯಾಲ ಬಿಟ್ಟು ಬಂದಾರಲಾ, ಅವು ಯಾವಾಗ ಬರ್ತಾವ?’

‘ಅವು ಬರೂದಿಲ್ಲ ಅಜ್ಜಿ. ಕೆಲಸ ಮುಗಿಯೂತನಾ ತಿರಗ್ತಾವ. ಬಾದ್ ಮೇ ಮ್ಯಾಲೇ ಸುಟ್ಟು ಹೋಗ್ತಾವ.’

ಅಜ್ಜಿ ಮೊಬೈಲು ಕೆಳಗಿಟ್ಟು ನನ್ನನ್ನು ನೋಡಿದರು. ನಾನು ಕರವಸ್ತ್ರ ತೆಗೆದಿದ್ದೆ. ಬೆವರಿಗೆ ಎಂದು ಹೇಳುವ ತಯಾರಿಯಲ್ಲಿದ್ದೆ. ಮಗಳನ್ನು ದಹಿಸರಿಗೆ ಮುಟ್ಟಿಸಿ ಹೇಗೆ ನೆಟ್ಟಗೆ ನಡೆದು ಭಾಂಡುಪಿಗೆ ಮರಳಬೇಕು ಎಂಬುದನ್ನೇ ನಾನು ಬೆಳಗಿನಿಂದ ಅಭ್ಯಾಸ ಮಾಡುತ್ತಿದ್ದೆ. ಅವಳು ಹೇಗೆ ಮರಳುತ್ತಾಳೆ ಎಂಬ ಯೋಚನೆ ನನ್ನ ತಲೆಗೆ ಬಂದೇ ಇರಲಿಲ್ಲ.

‘ನಮ್ಮಪ್ಪನೂ ಹಿಂಗೇ ನನ್ನ ಬಿಟ್ಟು ಹೋದ’ ಎಂದರು ಅಜ್ಜಿ. ‘ಆವಾಗ ನಾ ಇಕಿಗಿಂತ ಭಾಳ ಸಣ್ಣಾಕಿ. ವಿಜಯಪುರ ಎಲ್ಲಿ, ಮುಂಬಯಿ ಎಲ್ಲಿ! ಅವನು ತಿರುಗಿ ಹೋದ. ನನ್ನ ತವರಿಗೆ ಯಾರೂ ಕಳಸಲಿಲ್ಲ. ಅವನ ಮಾರಿ ನೋಡ್ಲಿಕ್ಕೂ ಆಗಲಿಲ್ಲ, ಕಡೀಗೆ.’ ಅಜ್ಜಿ ಅತ್ತರು, ಎಲ್ಲರೆದುರಿಗೆ, ಸೆರಗನ್ನೂ ಅಡ್ಡ ಹಿಡಿಯದೆ.

ಆಮೇಲೆ ಮೇಧಾಳ ಕೈ ಹಿಡಿದೇ ಎದ್ದರು. ‘ಏಳ್ರೆಲ್ಲಾ! ಮನಿ ತುಂಬಿಸ್ಕೊಳ್ಳೋ ಹೊತ್ತು ಮೀರ್ತದ. ಸಮ್ಯಾ, ಪ್ರತಿ ಐತವಾರ ಇಕಿನ್ನ ಭಾಂಡುಪಿಗೆ ಕರಕೊಂಡು ಹೋಗ್ಬೇಕು. ತಪ್ಪಿಸಿದ್ರ ನನ್ನ ಕಡೆ ಇರ್ತದ ನಿಂಗ.’ ಆಚಾರ್ರು ಅರುಂಧತಿಯ ಮಂತ್ರ ಅರ್ಧಕ್ಕೇ ನಿಂತಿದೆ ಎಂದು ನೆನಪಿಸಿದರು. ‘ಆಕಿ ಎಲ್ಲೂ ಹೋಗಿಲ್ಲ, ಹೇಳ್ರಿ’ ಎಂದರು ಅಜ್ಜಿ.

ಮೊದಲ ಭಾನುವಾರ ಕಾಲಿಂಗ್ ಬೆಲ್ ಆಯಿತು. ಬಾಗಿಲು ತೆರೆದರೆ ಮಗಳು, ಅಳಿಯ, ಅವರ ಹಿಂದೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಅಂಬಕ್ಕಜ್ಜಿ. ನಾವು ಗಾಬರಿಯಾದೆವು, ಏನು ತಪ್ಪಾಯಿತೋ ಎಂದು. ‘ಏನಿಲ್ರಿ’ ಎಂದರು ಅಜ್ಜಿ, ಕುರ್ಚಿಯ ತುದಿಗೆ ಕೂತು, ಸಣ್ಣ ದನಿಯಲ್ಲಿ. ‘ತವರುಮನಿಗೆ ಹೋಗೂದು ಹ್ಯಾಂಗಿರ್ತದ ನೋಡೂಣು ಅಂತ ಬಂದೆ.’

ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಸಂಜೆ ಅವರು ಹೊರಟಾಗ ಅವಳ ಕೈಯಲ್ಲಿ ಎರಡು ಬುತ್ತಿ ಇದ್ದವು. ಚಿಕ್ಕದನ್ನು ಮೇಧಾಳಿಗೆ ಕೊಟ್ಟಳು, ದೊಡ್ಡದನ್ನು ಅಜ್ಜಿಗೆ. ದಾದರಿನ ಗದ್ದಲದಲ್ಲಿ ಗಾಡಿ ಬದಲಿಸುವಾಗ ಸಮೀರ ಎಷ್ಟು ಕೇಳಿದರೂ ಅಜ್ಜಿ ಆ ಬುತ್ತಿಯನ್ನು ಅವನ ಕೈಗೆ ಕೊಡಲಿಲ್ಲವಂತೆ.