ಮಾಮಾ ಕೂಡಿಸಿದ ಘೋಡಾ

ನಮ್ಮ ಮನೆಯ ರೈಫಲ್ಲಿನ ಘೋಡಾ ಮುರಿದದ್ದು ಭಾದ್ರಪದದ ಅಮಾವಾಸ್ಯೆಯ ಹಿಂದಿನ ದಿನ. ಬೆರಳಿಟ್ಟು ಎಳೆಯುವ ಕೊಕ್ಕೆಗೆ ನಮ್ಮ ಔರಾದ ಕಡೆ ಘೋಡಾ ಎನ್ನುತ್ತಾರೆ. ಹಬ್ಬ ಬಂತೆಂದು ಅಪ್ಪ ಬಂದೂಕನ್ನು ಗೋಡೆಯಿಂದ ಇಳಿಸಿ, ಒರೆಸಿ, ಖಾಲಿ ಇದ್ದುದನ್ನು ನೋಡಿಕೊಂಡು ಒಮ್ಮೆ ಎಳೆದ. ಮುರಿದ ತುಂಡು ಬೆರಳಿಗೆ ಸಿಕ್ಕಿಕೊಂಡೇ ಹೊರಗೆ ಬಂತು.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುತ್ತದೆಂದು ಎಲ್ಲರೂ ಮಾತಾಡುತ್ತಿದ್ದ ವರ್ಷ ಅದು. ನನಗೆ ಹದಿನೈದು. ಮನೆಯಲ್ಲಿ ಕ್ಯಾಲೆಂಡರ್ ಇರಲಿಲ್ಲ, ಪಂಚಾಂಗವಿತ್ತು. ಹಾಗಾಗಿ ಆಗ ನಾನು ಬರೆಯುತ್ತಿದ್ದ ದಿನಚರಿಯ ತಾರೀಖುಗಳೆಲ್ಲ ತಿಥಿಗಳೇ.

ಅಪ್ಪ ಊರಿನ ಪೊಲೀಸ್ ಪಾಟೀಲ. ಆ ಬಂದೂಕಿಗೆ ವರ್ಷಕ್ಕೆ ಇದ್ದದ್ದು ಒಂದೇ ಕೆಲಸ. ದಸರೆಯ ದಶಮಿಯ ಸಂಜೆ ಊರವರು ಸೀಮೆಯ ಬನ್ನಿಗಿಡದ ಹತ್ತಿರ ಸೇರುತ್ತಿದ್ದರು. ಪಾಟೀಲರ ಮನೆಯವರು ಆಕಾಶಕ್ಕೆ ಒಂದು ಈಡು ಹಾರಿಸುವ ತನಕ ಯಾರೂ ಎಲೆ ಮುಟ್ಟುವಂತಿರಲಿಲ್ಲ. ಈಡು ಹಾರದಿದ್ದರೆ ಆ ಮಾನ ಕೆಳಗಿನ ಮನೆಗೆ, ಅಂದರೆ ಅಪ್ಪನ ಚಿಕ್ಕಪ್ಪನ ಮಗನಿಗೆ ಹೋಗುತ್ತಿತ್ತು. ನಾನು ಅವನಿಗೆ ಕಾಕಾ ಎನ್ನುತ್ತಿದ್ದೆ. ಘೋಡಾ ಮುರಿದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕಾಕಾ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತ.

"ಅಣ್ಣಾ, ನಮ್ಮ ಬಂದೂಕ ಒರಸಿ ಇಡ್ಲೇನು? ಸುಮ್ಕ ಕೇಳ್ದೆ. ಹಬ್ಬದ ದಿನ ನಿನಗ ಓಡಾಟ ಆಗಬಾರ್ದು ನೋಡು."

ಅಪ್ಪ ದನದ ಕೊಟ್ಟಿಗೆಯಲ್ಲಿ ಮೇವು ಹಾಕುತ್ತಿದ್ದ ಮಾಮಾನ ಕಡೆ ತಿರುಗಿದ. ಮಾಮಾ ಅಂದರೆ ನನ್ನ ಅಕ್ಕನ ಗಂಡ. ಅವ್ವ ಸತ್ತ ಮೇಲೆ, ನಾವಿಬ್ಬರೂ ಹೆಣ್ಣುಮಕ್ಕಳೆಂದು, ಬೀದರ ಹತ್ತಿರದ ಮನ್ನಳ್ಳಿಯಿಂದ ಅಪ್ಪ ತಂದಿಟ್ಟುಕೊಂಡ ಮನೆಯಳಿಯ. ಸಂತೆಯಲ್ಲಿ ಕೊಂಡ ಎತ್ತನ್ನು ಅದು ಬಂದ ಊರಿನ ಹೆಸರಿನಿಂದ ಕರೆಯುವಂತೆ ಅಪ್ಪ ಅವನನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದ.

"ಏ ಮನ್ನಳ್ಳಿ, ಇಲ್ಲಿ ಬಾ. ಬೀದರ್‍ನ್ಯಾಗ ಗಂಜಿನ ಅಡತಿ ಅಂಗಡ್ಯಾಗ ನಿನಗ ಕೆಲಸ ಕೊಡ್ತಾರಂತಲ್ಲ? ಮೈಲೂರ್‍ದಾಗ ಖೋಲಿನೂ ನೋಡಿ ಬಂದೀಯಂತಲ್ಲ?"

ಮಾಮಾ ಕೈ ಒರೆಸಿಕೊಂಡು ನಿಂತ. ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಗಂಜೆಂದರೆ ಬೀದರದ ಕಾಳಿನ ಪೇಟೆ; ಅಲ್ಲಿನ ಕೆಲಸದ, ಬಾಡಿಗೆ ಖೋಲಿಯ ಮಾತು ಅವರಿಬ್ಬರ ನಡುವೆ ಮಾತ್ರ ಇತ್ತು. ಯಾರು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಹೌದ್ರಿ ಮಾವಾರ. ನಿಮ್ಮನ್ನ ಕೇಳೋಣಂತ ಇದ್ದೆ."

"ಕೇಳೂದು ಬ್ಯಾಡ. ಈ ಘೋಡಾ ಕೂಡಿಸು. ದಶಮಿ ದಿನ ಎಲ್ಲಾರ ಮುಂದ ಈಡು ಹಾರಸು. ಹಾರಿತಂದ್ರ ಹೆಂಡ್ತೀನ ಕರ್ಕೊಂಡು ಬೀದರಕ್ಕರ ಹೋಗು, ಬೊಂಬಾಯಿಗರ ಹೋಗು. ಹಾರ್‍ಲಿಲ್ಲಂದ್ರ ಬೀದರದ ಹೆಸರು ಈ ಮನ್ಯಾಗ ಎತ್ತಬ್ಯಾಡ." ಆಮೇಲೆ ಕಾಕಾನ ಕಡೆ ನೋಡಿ ನಕ್ಕ. "ನೊಗದ ಗೂಟ ಬಡಿಯಾಕ ಬರಂಗಿಲ್ಲ ಇಂವಗ. ನೀ ಸಾಕ್ಷಿ ನೋಡಪಾ."

ಕಾಕಾನಿಗೂ ಖುಷಿಯಾಯಿತು. ಮಾಮಾ ಸೋತರೆ ಬನ್ನಿಯ ಈಡು ಅವನದಾಗುತ್ತಿತ್ತು.

ಅಕ್ಕನಿಗೆ ಮದುವೆಯಾಗಿ ಆರು ವರ್ಷವಾಗಿತ್ತು. ತನ್ನ ಗಂಡ ದಿನಾಲೂ ಆಳುಗಳು ಉಂಡೆದ್ದ ಮೇಲೆ ಉಣ್ಣಲು ಕೂಡುವುದನ್ನು ಅವಳೇ ಬಡಿಸುತ್ತ ನೋಡಿದ್ದಳು. ಅವತ್ತು ಒಳಗೆ ಬಂದ ಮಾಮಾನಿಗೆ ಅವಳು ಹೇಳಿದ್ದು ಇಷ್ಟೇ: "ನಿಮ್ಮ ಕಾಲು ಬೀಳ್ತೇನಿ, ಕೂಡಸ್ರಿ."

ಪಾಡ್ಯದ ದಿನ ಮಾಮಾ ಮೋಟಾರು ಹತ್ತಿ ಬೀದರಕ್ಕೆ ಹೋದ. ಹಳೇ ಪೇಟೆಯಲ್ಲಿ ಮುರಿದ ಬಂದೂಕಿನ ಸಾಮಾನು ಮಾರುವ ಮುದುಕನೊಬ್ಬನ ಹತ್ತಿರ ಒಂದು ಹಳೆಯ ಘೋಡಾ ಸಿಕ್ಕಿತು. ನಮ್ಮದಕ್ಕಿಂತ ತುಸು ದಪ್ಪ. ಅದನ್ನು ರುಮಾಲಿನ ತುದಿಗೆ ಕಟ್ಟಿಕೊಂಡು ಬಂದ.

ಬಂದೂಕು ಬಿಚ್ಚುವುದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನಾನು ನೆಲದ ಮೇಲೆ ಬಿಳಿ ಪಂಚೆ ಹಾಸಿದೆ. ಒಂದೊಂದು ತುಂಡು ಹೊರಗೆ ಬಂದ ಹಾಗೆ ಸಾಲಾಗಿ ಇಡುತ್ತ, ಪಕ್ಕದಲ್ಲಿ ಅರಿಶಿನದಿಂದ ಅಂಕಿ ಬರೆದೆ. ತಿರುಗಿ ಕೂಡಿಸಿದಾಗ ಪಂಚೆಯ ಮೇಲೆ ಒಂದು ಸಣ್ಣ ಸ್ಪ್ರಿಂಗು ಉಳಿದುಬಿಟ್ಟಿತ್ತು. ಅಪ್ಪ ಅದನ್ನು ಎತ್ತಿ ಬೆಳಕಿಗೆ ಹಿಡಿದ.

"ಇದು ನಿನಗ ಇನಾಮು. ಮೂಗಿಗಿ ಹಾಕ್ಕೊ. ನತ್ತಿನಂಗ ಕಾಣ್ತದ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಮಾಮಾ ಕೈ ಚಾಚಿ ಸ್ಪ್ರಿಂಗನ್ನು ಈಸಿಕೊಂಡ. ಮತ್ತೆ ಬಿಚ್ಚಿದ.

ತದಿಗೆಯ ದಿನ ಎಳೆದ ಘೋಡಾ ಹಿಂದಕ್ಕೆ ಬರಲಿಲ್ಲ. ಪಂಚಮಿಯ ದಿನ ಹಿಂದಕ್ಕೆ ಬಂತು, ಆದರೆ ಬಂದೂಕನ್ನು ನೆಲಕ್ಕೆ ತುಸು ಕುಟ್ಟಿದರೂ ತಾನೇ ಬಿಟ್ಟುಕೊಳ್ಳುತ್ತಿತ್ತು. ಅಪ್ಪ ಬೇಕೆಂದೇ ಮತ್ತೆ ಮತ್ತೆ ಕುಟ್ಟಿ ತೋರಿಸಿದ. "ಇದನ್ನ ಹಿಡಕೊಂಡು ಹೋದ್ರ ಬನ್ನಿ ಮುಟ್ಟೂದ್ರಾಗ ನನ್ನ ಮಗಳು ರಂಡಿ ಆಗ್ತಾಳ." ಅಕ್ಕ ಅಲ್ಲೇ ಚಹಾ ಹಿಡಿದು ನಿಂತಿದ್ದಳು. ಅಪ್ಪ ಅವಳ ಕೈಯಿಂದ ಚಹಾ ತೆಗೆದುಕೊಂಡು ಕುಡಿದ.

ಆ ದಿನಗಳಲ್ಲಿ ಅಪ್ಪ ಮಾಮಾನಿಗೆ ಬೈದಾಗಲೆಲ್ಲ ನಾನು ದಿನಚರಿಯ ಅಂಚಿಗೆ ಒಂದು ಗೆರೆ ಎಳೆಯುತ್ತಿದ್ದೆ. ಪಂಚಮಿಯ ಹೊತ್ತಿಗೆ ಅಂಚು ತುಂಬಿ ಗೆರೆಗಳು ಬರಹದೊಳಗೆ ಬಂದವು.

ಮಾಮಾ ಮಾತ್ರ ಬದಲಾಗುತ್ತಿದ್ದ. ಮೊದಲು ಅಕ್ಕನ ಮುಖ ನೋಡಿ ಕೆಲಸಕ್ಕೆ ಕೂಡುತ್ತಿದ್ದವನು, ಷಷ್ಠಿಯಿಂದ ಅವಳು ಕರೆದರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅರದಿಂದ ಘೋಡಾವನ್ನು ಒಂದಿಷ್ಟು ತಿಕ್ಕುವುದು, ಕೂಡಿಸಿ ನೋಡುವುದು, ಬಿಚ್ಚಿ ಮತ್ತೆ ತಿಕ್ಕುವುದು. "ಕೇಳು, ಈಗ ಸಪ್ಪಳ ಬ್ಯಾರೆ ಅದ" ಎಂದು ಬಂದೂಕನ್ನು ನನ್ನ ಕಿವಿಯ ಹತ್ತಿರ ಹಿಡಿಯುತ್ತಿದ್ದ. ನನಗೆ ಎಲ್ಲ ಸಪ್ಪಳವೂ ಒಂದೇ.

ಅಷ್ಟಮಿಯ ಮಧ್ಯಾಹ್ನ ಹಿತ್ತಲಿನ ಆಚೆ, ಹೊಲದ ದಿಬ್ಬಕ್ಕೆ ಮುಖ ಮಾಡಿ ಬಂದೂಕನ್ನು ಹೊರಸಿನ ಮಂಚಕ್ಕೆ ಬಿಗಿದು ಕಟ್ಟಿ, ಘೋಡಾಕ್ಕೆ ಉದ್ದನೆಯ ಹುರಿ ಹಾಕಿ, ಬೇವಿನ ಮರದ ಹಿಂದಿನಿಂದ ಎಳೆದ. ಅಪ್ಪ ಇನ್ನೂ, "ದೂರ ನಿಂತು ಎಮ್ಮಿ ಹಿಂಡ್ಲತ್ತಾನ ನೋಡ್ರಿ" ಎನ್ನುತ್ತಿದ್ದ. ಈಡು ಹಾರಿತು. ದಿಬ್ಬದಿಂದ ಮಣ್ಣು ಎದ್ದಿತು. ಎರಡನೆಯದು ಮಾಮಾ ಕೈಯಲ್ಲಿ ಹಿಡಿದೇ ಹಾರಿಸಿದ.

ನಾನು ಅಪ್ಪನ ಮುಖ ನೋಡಿದೆ. ಸಂತೋಷ ಕಾಣಲಿಲ್ಲ, ಸಿಟ್ಟೂ ಕಾಣಲಿಲ್ಲ. ಕೊಂಡ ಎತ್ತು ಕೊಟ್ಟ ಬೆಲೆಗಿಂತ ಹೆಚ್ಚು ಬಾಳುತ್ತದೆಂದು ತಿಳಿದವನಂತೆ ಮಾಮಾನನ್ನು ನೋಡುತ್ತಿದ್ದ. ಆ ಸಂಜೆಯೇ ಭಾಲ್ಕಿ ಕಡೆಯ ಮೂರು ಊರಿನ ಪಾಟೀಲರಿಗೆ ಆಳು ಕಳಿಸಿದ. ಏನು ಹೇಳಿ ಕಳಿಸಿದನೆಂದು ನಮಗೆ ತಿಳಿಯಲಿಲ್ಲ. ರಾತ್ರಿ ಊಟಕ್ಕೆ ಮಾಮಾನಿಗೆ ತನ್ನ ಪಕ್ಕದಲ್ಲೇ ಮಣೆ ಹಾಕಿಸಿದ. ಅಂಚಿಗೆ ಗೆರೆ ಎಳೆಯುವ ಪ್ರಸಂಗ ಬರಲಿಲ್ಲ.

ದಶಮಿಯ ಬೆಳಿಗ್ಗೆ ಅಕ್ಕ ಸೀರೆಗಳ ಗಂಟು ಕಟ್ಟಿ ಮೂಲೆಗಿಟ್ಟಳು. ಸಂಜೆ ನಾನು ಹುಡುಗರ ಜೊತೆ ಬನ್ನಿಗಿಡಕ್ಕೆ ಹೋದೆ. ಬಾಜಾ ನಿಂತಿತು. ಮಾಮಾ ಬಂದೂಕು ಎತ್ತಿ ಒಂದೇ ಸಲಕ್ಕೆ ಈಡು ಹಾರಿಸಿದ. ಗಿಡದಲ್ಲಿದ್ದ ಹಕ್ಕಿಗಳೆಲ್ಲ ಎದ್ದವು, ಜನ ಎಲೆಗೆ ಮುಗಿಬಿದ್ದರು.

ಕಾಕಾ ಮೊದಲು ಬಂದು ಮಾಮಾನ ಕೈಗೆ ಬನ್ನಿ ಕೊಟ್ಟ. ಕೊಡುತ್ತ ಅಪ್ಪನಿಗೆ ಕೇಳುವಂತೆ, "ಮಾತು ಕೊಟ್ಟೀಯಲ್ಲಣ್ಣಾ, ನಾ ಸಾಕ್ಷಿ ಇದ್ದೇನಿ. ಕಳಿಸಿ ಕೊಡು ಮತ್ತ" ಎಂದ. ಈಡಿನ ಮಾನ ತನ್ನ ಕೈತಪ್ಪಿದ್ದಕ್ಕೆ ಅಪ್ಪನಿಗೆ ಅಳಿಯನನ್ನಾದರೂ ತಪ್ಪಿಸುವ ಆಸೆ ಅವನಿಗೆ.

"ನಾ ಯಾವಾಗ ಬ್ಯಾಡ ಅಂದೇನಿ?" ಅಪ್ಪ ಜೋರಾಗಿಯೇ ಹೇಳಿದ. "ಹೋಗ್ಲಿ ಅಳಿಯಂದ್ರು. ಭಾಲ್ಕಿ ಕಡಿಂದ ಮೂರು ಮಂದಿ ಪಾಟೀಲ್ರು ಇವರ ಹೆಸರು ಹಿಡದು ಕೇಳಿ ಕಳಿಸ್ಯಾರ. ಅವರ ಬಂದೂಕನೂ ಕೆಟ್ಟಾವಂತ. ಇವರು ಬರಂಗಿಲ್ಲ, ಗಂಜಿನ್ಯಾಗ ಚೀಲ ತೂಗಾಕ ಹೊಂಟಾರಂತ ಹೇಳಿ ಕಳಿಸ್ತೇನಿ." ಆಮೇಲೆ ಮಾಮಾನ ಕಡೆ ತಿರುಗಿ, ಆರು ವರ್ಷದಲ್ಲಿ ಒಮ್ಮೆಯೂ ಬಳಸದ ದನಿಯಲ್ಲಿ ಕೇಳಿದ: "ಏನ್ರಿ, ಹ್ಯಾಂಗ ಮಾಡ್ತೀರಿ? ನೀವು ಹೇಳಿದಂಗ."

ಊರೆಲ್ಲ ಸುತ್ತ ನಿಂತಿತ್ತು. ಬೆಳಿಗ್ಗೆ ತನಕ ಅವನ ಮುಂದೆ ಉಗುಳಿ ಹೋಗುತ್ತಿದ್ದವರು ಅವನ ಬಾಯಿ ನೋಡುತ್ತಿದ್ದರು. ಮಾಮಾ ಬಂದೂಕನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ.

"ದೀಪಾವಳಿ ಆಗ್ಲಿ ತಗೊಳ್ರಿ ಮಾವಾರ," ಎಂದ. "ನೋಡೋಣ್ರಿ."

ಅಪ್ಪ ಅವನನ್ನು ತಬ್ಬಿಕೊಂಡ.

ಮನೆಯ ಬಾಗಿಲಲ್ಲಿ ಅಕ್ಕ ಆರತಿ ಹಿಡಿದು ನಿಂತಿದ್ದಳು. ಅವಳ ಮುಖ ಅಷ್ಟು ತೆರೆದುಕೊಂಡದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ಸಪ್ಪಳ ಇಲ್ಲೀತನಾ ಬಂತ್ರಿ. ನಾಳಿ ಹೊತ್ತಾರಿ ಮೋಟಾರಿಗೇ ಹೋಗೋಣೇನ್ರಿ?"

"ದೀಪಾವಳಿ ಆಗ್ಲಿ," ಮಾಮಾ ಹೇಳಿದ. "ಭಾಲ್ಕಿ ಕಡಿಂದ ಕೇಳಿ ಕಳಿಸ್ಯಾರ. ನನ್ನ ಹೆಸರು ಹಿಡದು ಕೇಳ್ಯಾರಂತ."

ಅಕ್ಕ ಆರತಿಯನ್ನು ಪೂರ್ತಿ ಎತ್ತಿದಳು. ಕುಂಕುಮ ಹಚ್ಚಿದಳು. ತಟ್ಟೆಯನ್ನು ನನ್ನ ಕೈಗೆ ಕೊಟ್ಟ ಮೇಲೆ ಮಾತಾಡಿದಳು.

"ಆರು ವರ್ಷ ಅಪ್ಪ ನಿಮ್ಮನ್ನ ಬೈದು ಇಟ್ಕೊಂಡ. ಇನ್ನ ಮರ್ಯಾದಿ ಕೊಟ್ಟು ಇಟ್ಕೋತಾನ. ಬೈಸ್ಕೊಳ್ಳೂವಾಗ ಬಿಟ್ಟು ಹೋಗೂ ಆಸೆಯಾದ್ರೂ ಇತ್ತು ನಿಮಗ."

"ಹಬ್ಬದ ದಿನ ಎಂಥಾ ಮಾತು ಆಡ್ತಿ?" ಎಂದ ಮಾಮಾ. ಒಳಗಿನಿಂದ ಅಪ್ಪ, "ಅಳಿಯಂದ್ರ, ಊಟಕ್ಕ ಬರ್‍ರಿ" ಎಂದು ಕೂಗಿದ. ಮಾಮಾ ಹೋದ.

ಅಡತಿ ಅಂಗಡಿಯವರು ದೀಪಾವಳಿಯ ತನಕ ಕಾಯಲಿಲ್ಲ. ಬೇರೆಯವನನ್ನು ಇಟ್ಟುಕೊಂಡರೆಂದು ಬೀದರದಿಂದ ಬಂದವರು ಹೇಳಿದಾಗ ಮಾಮಾ, "ಹೌದೇನು?" ಎಂದಷ್ಟೇ ಕೇಳಿದ. ಅವನ ತೊಡೆಯ ಮೇಲೆ ಯಾರದೋ ಬಂದೂಕಿತ್ತು.

ನಾವು ಮೈಸೂರು ರಾಜ್ಯದವರಾದ ದಿನ ಔರಾದದಲ್ಲಿ ಭಾಷಣವಿತ್ತು. ಅಪ್ಪ ಹೊಸ ರುಮಾಲು ಸುತ್ತಿಕೊಂಡು ಹೋಗಿದ್ದ. ಅದೇ ಬೆಳಿಗ್ಗೆ ಭಾಲ್ಕಿ ಕಡೆಯಿಂದ ಮಾಮಾನನ್ನು ಕರೆದೊಯ್ಯಲು ಕಮಾನು ಕಟ್ಟಿದ ಗಾಡಿ ಬಂತು. ಅಕ್ಕ ಬುತ್ತಿ ಕಟ್ಟಿಕೊಟ್ಟಳು.

"ಎಷ್ಟು ದಿನ ಆಗ್ತದ್ರಿ?"

"ಎರಡು ದಿನ. ಭಾಳ ಅಂದ್ರ ಮೂರು."

"ಹದಿನೈದು ದಿನ ಇದ್ದು ಬರ್‍ರಿ," ಅಕ್ಕ ಹೇಳಿದಳು. "ತಿಂಗಳ ಇದ್ರೂ ನಡೀತದ. ನಿಮ್ಮ ಹಾದಿ ನೋಡೋರು ಇಲ್ಲಿ ಯಾರೂ ಇಲ್ಲ."

ಮಾಮಾ ಅದನ್ನು ಚೇಷ್ಟೆಯೆಂದು ತಿಳಿದು ನಕ್ಕ. ಗಾಡಿಯವನಿಗೂ ಹೇಳಿ ನಗಿಸಿದ. ಗಾಡಿ ಇನ್ನೂ ಹೊರಟಿರಲಿಲ್ಲ, ಅಕ್ಕ ಒಳಗೆ ಹೋಗಿ ಎಮ್ಮೆಗೆ ನೀರು ಕುಡಿಸತೊಡಗಿದಳು.